ಸೇರಿತು ಎನ್ನುವ ಪೆಟ್ಟಿಗೆ

ಕಾರಿನಲ್ಲಿ ಜಾಗವಿಲ್ಲ ಎಂದು ಮೇಲಧಿಕಾರಿ ಅಮರನಾಥ್ ಹೇಳಿದ್ದು ಸುಳ್ಳಾಗಿರಲಿಲ್ಲ. ಹಿಂದಿನ ಸೀಟಿನ ತುಂಬ ಖಾಲಿ ಕ್ರೇಟುಗಳಿದ್ದವು. ವಾಪಸು ಬರುವಾಗ ಶ್ರೀನಿವಾಸಪುರದ ಮಂಡಿಯಿಂದ ಮಾವು ತುಂಬಿಸಿಕೊಂಡು ಬರುವ ಏರ್ಪಾಡು. “ನೀವು ಬಸ್ಸಲ್ಲಿ ಬಂದ್ಬಿಡಿ ಸೊಣ್ಣಪ್ಪ, ಹನ್ನೊಂದಕ್ಕೆ ಅಲ್ಲಿ ಸಿಗೋಣ. ಒಂದು ಸೈನ್ ತಾನೇ,” ಎಂದು ಗಾಜು ಏರಿಸಿಕೊಂಡು ಹೋಗಿಬಿಟ್ಟಿದ್ದ. ಒಂದು ಸೈನ್ ತಾನೇ. ಬಸ್ಸು ಕೋಲಾರ ದಾಟಿದರೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಸೊಣ್ಣಪ್ಪನ ಬಾಯಿಯಲ್ಲೇ ಇತ್ತು. ಸೆಕೆ ತಡೆಯಲಾರದೆ ಕಿಟಕಿಯ ಗಾಜು ಎಳೆದ, ಅದು ಜಗ್ಗಲಿಲ್ಲ. ಇನ್ನೊಮ್ಮೆ ಎಳೆದ. ಬೆರಳು ತರಚಿತು. “ಏನ್ರೀ, ಇದೇನು ಬಸ್ಸಾ, ಕೋಳಿ ಗೂಡಾ?” ಎಂದು ಕಂಡಕ್ಟರನ ಮೇಲೆ ರೇಗಿದ. “ಕೋಳಿ ಗೂಡಿಗೆ ಗಾಜು ಇರಲ್ಲ ಸಾರ್,” ಎಂದ ಕಂಡಕ್ಟರ್, ಟಿಕೆಟ್ ಮೆಷೀನಿನಿಂದ ತಲೆ ಎತ್ತದೆ. ಹಿಂದಿನ ಸೀಟಿನ ಹೆಂಗಸರು ನಕ್ಕರು. ಸೊಣ್ಣಪ್ಪನಿಗೆ ಕಿವಿ ಬಿಸಿಯಾಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಕೋಪ ಇನ್ನಷ್ಟು ಹೆಚ್ಚಾಯಿತು. ತೊಡೆಯ ಮೇಲಿದ್ದ ಫೈಲನ್ನು ಮತ್ತೆ ತೆರೆದ. ಆ ಹಾಳೆಯನ್ನು ಬೆಳಗಿನಿಂದ ಐದು ಸಲ ಓದಿಯಾಗಿತ್ತು. ಯಂತ್ರವೂ ಜಾಲವೂ ಸರಿಯಾಗಿದ್ದವು ಎಂದು ಕೋಲಾರ ಕಚೇರಿಯ ಲೈನ್ ಮೇಲ್ವಿಚಾರಕನಾದ ತಾನು ದೃಢೀಕರಿಸುವುದಾಗಿ ಮೊದಲನೆಯ ಅಂಶ. ಶ್ರೀನಿವಾಸಪುರ ಶಾಖೆಯ ಗುತ್ತಿಗೆ ಗುಮಾಸ್ತೆ ವಾಣಿಶ್ರೀ ಮೂರು ದಿನಗಳ ಇಪ್ಪತ್ತಮೂರು ಜಾನುವಾರು ಸಾವಿನ ಸೂಚನೆಗಳನ್ನು ದಾಖಲಿಸಿಯೇ ಇಲ್ಲವೆಂದು ಎರಡನೆಯದು. ದಿನದ ಕೊನೆಗೆ ಕೋಲಾರಕ್ಕೆ ಫೋನ್ ಮಾಡಿ ಸಂಖ್ಯೆ ತಾಳೆ ನೋಡುವ ಪದ್ಧತಿಯನ್ನು ಆಕೆ ಸ್ವಂತ ಇಚ್ಛೆಯಿಂದ ನಿಲ್ಲಿಸಿದ್ದಾಳೆಂದು ಮೂರನೆಯದು. ಕೆಳಗೆ ಅವನ ಹೆಸರು, ಹೆಸರಿನ ಮೇಲೆ ಒಂದು ಗೆರೆಯಷ್ಟು ಜಾಗ. ಆ ಜಾಗ ತುಂಬಿದರೆ ಆ ಹುಡುಗಿಯ ಏಳು ವರ್ಷದ ಕೆಲಸ ಈ ಸಂಜೆಗೆ ಮುಗಿಯುತ್ತಿತ್ತು.

ಮೂರನೆಯ ಅಂಶದ ಮೇಲೆ ಕಣ್ಣು ನಿಲ್ಲಿಸಲು ಅವನಿಂದ ಆಗುತ್ತಿರಲಿಲ್ಲ. ಕಿಟಕಿಯಾಚೆ ಟೊಮೆಟೊ ತೋಟದ ಕಡ್ಡಿಗಳು ಓಡುತ್ತಿದ್ದವು. ಜಾನುವಾರು ವಿಮಾ ಸಂಘಕ್ಕೆ ಸೇರಿದಾಗ ಸೊಣ್ಣಪ್ಪನಿಗೆ ಇಪ್ಪತ್ತಾರು. ಕೋಲಾರದ ಲೈನ್ ರೂಮೆಂದರೆ ಆಗ ದೇವರ ಗೂಡು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಮೆಷೀನು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಪರದೆ, ನಡುವೆ ತಂತಿ, ತಂತಿಯ ನಡುವೆ ಅವನು. ಹಸು ಸತ್ತರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆ ಸುದ್ದಿ ದೊಡ್ಡ ಮೆಷೀನಿಗೆ ಮುಟ್ಟಬೇಕು, ಮುಟ್ಟದಿದ್ದರೆ ವಿಮೆ ಇಲ್ಲ. ಇದು ಸಂಘದ ಕಾನೂನು. ಹಸುವಿನ ಕಿವಿಯ ಬಿಲ್ಲೆಯನ್ನು ಕಿವಿಯ ಸಮೇತ ಕೊಯ್ದು ಕಾಗದದಲ್ಲಿ ಸುತ್ತಿ ಜನ ಕೌಂಟರಿಗೆ ಬರುತ್ತಿದ್ದರು. ಗುಮಾಸ್ತರು ಮೂಗು ಮುಚ್ಚಿಕೊಂಡು ಬಿಲ್ಲೆಯ ನಂಬರು ಒತ್ತುತ್ತಿದ್ದರು. ದೊಡ್ಡ ಮೆಷೀನು ಆಗಾಗ ತಂತಿಯಲ್ಲಿ “ಇದ್ದೀಯಾ?” ಎಂದು ಕೇಳುವುದು, ಶಾಖೆಯ ಯಂತ್ರ “ಇದ್ದೀನಿ” ಎನ್ನುವುದು, ಎರಡು ಮೂರು ಎಣಿಸುವಷ್ಟರಲ್ಲಿ ಉತ್ತರ ಬರದಿದ್ದರೆ ಮುನಿಸಿಕೊಂಡು ಲೈನ್ ಕಡಿಯುವುದು. ಒಂದು ಮಳೆಗಾಲ ಮುಳಬಾಗಿಲಿನ ನಾಲ್ಕು ಸೂಚನೆಗಳು ದಾರಿಯಲ್ಲಿ ಮಾಯವಾದ ಮೇಲೆ ಸೊಣ್ಣಪ್ಪನೇ ಒಂದು ರೂಢಿ ಮಾಡಿದ. ಸಂಜೆ ಐದಕ್ಕೆ ಪ್ರತಿ ಶಾಖೆಯವರೂ ಅವನಿಗೆ ಫೋನ್ ಮಾಡಿ ಅವತ್ತಿನ ಲೆಕ್ಕ ಹೇಳಬೇಕು. ಅವನು ಬೆಂಗಳೂರಿನ ಮೆಷೀನಿನ ಪಟ್ಟಿ ನೋಡಿ ತನ್ನ ಲೆಕ್ಕ ಹೇಳಬೇಕು. ಎರಡೂ ಕೂಡಿದರೆ ಮನೆಗೆ, ಇಲ್ಲದಿದ್ದರೆ ಮತ್ತೆ ಹುಡುಕಾಟ. ಯಾವ ಸುತ್ತೋಲೆಯೂ ಇಲ್ಲದೆ ಇಪ್ಪತ್ತೆಂಟು ವರ್ಷ ನಡೆದ ರೂಢಿ ಅದು. “ಸಾರ್, ನಂದು ಹದಿನಾಲ್ಕು, ನಿಮ್ದು?” ಎಂದು ಕೇಳುತ್ತಿದ್ದ ವಾಣಿಶ್ರೀಯ ದನಿಯಲ್ಲಿ ಮನೆಗೆ ಹೋಗುವ ಆತುರ ಇರುತ್ತಿತ್ತು. ಆದರೂ ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

ಆಮೇಲೆ ತಂತಿಗೆ ಬಾಡಿಗೆ ಕಟ್ಟುವುದು ದಂಡವೆಂದು ಬೆಂಗಳೂರಿನವರಿಗೆ ಹೊಳೆಯಿತು. ಎಲ್ಲವೂ ಐಪಿ ಮೇಲೆ, ಇಂಟರ್ನೆಟ್ಟಿನ ದಾರಿಯಲ್ಲಿ ಹೋಗಲಿ ಎಂದರು. ಹೋಗಲಿ, ಅದರ ಮೇಲೆ ಅವನಿಗೇನೂ ಹಗೆಯಿರಲಿಲ್ಲ. ಅವನ ಮೈ ಉರಿದದ್ದು ಬೇರೆಯದಕ್ಕೆ. ಪ್ರೋಗ್ರಾಮು ಮಾತ್ರ ಅದೇ ಹಳೆಯದು. ಅದನ್ನು ಬರೆದ ಮೂವರಲ್ಲಿ ಇಬ್ಬರು ಸತ್ತಿದ್ದರು, ಮೂರನೆಯವನು ಎಲ್ಲಿದ್ದಾನೋ. ಮುಟ್ಟಿದರೆ ಏನು ಉದುರುತ್ತದೋ ಎಂಬ ಹೆದರಿಕೆಯಲ್ಲಿ ಯಾರೂ ಅದನ್ನು ಮುಟ್ಟುವವರಿಲ್ಲ. ಹಳೇ ಕಾಗದವನ್ನು ಹಾಗೇ ಹೊಸ ಕವರಿನಲ್ಲಿಟ್ಟು ಹೊಸ ದಾರಿಯಲ್ಲಿ ಕಳಿಸುವುದು, ಅಷ್ಟೇ ಕೆಲಸ. ಅದಕ್ಕೆ ಮೀಟಿಂಗಿನ ಮೇಲೆ ಮೀಟಿಂಗು. ಮೀಟಿಂಗುಗಳಲ್ಲಿ ‘ಲೆಗಸಿ, ಲೆಗಸಿ’ ಎಂಬ ಮಂತ್ರ, ಅಂದರೆ ಹಳೇ ಕಾಲದ ಪಳೆಯುಳಿಕೆ. ಆ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ತನ್ನ ಕಡೆ ನೋಡುತ್ತಾರೆಂದು ಸೊಣ್ಣಪ್ಪನಿಗೆ ಅನ್ನಿಸುತ್ತಿತ್ತು. ಹೊಸ ದಾರಿ ಹಾಕಿದ ವಾರವೇ ಲೈನು ಗಂಟೆಗೆ ಹತ್ತು ಸಲ ಬೀಳತೊಡಗಿತು. ಹೊಸ ದಾರಿಯಲ್ಲಿ “ಇದ್ದೀನಿ” ಎಂಬ ಉತ್ತರ ಊರೆಲ್ಲ ಸುತ್ತಿ ಬರುವ ಹೊತ್ತಿಗೆ ದೊಡ್ಡ ಮೆಷೀನು ಮುನಿಸಿಕೊಂಡಿರುತ್ತಿತ್ತು. ಶಾಖೆಗಳಿಂದ ಬೈಗುಳ. “ಹೇಗಾದ್ರೂ ಮಾಡ್ರೀ, ಸೋಮವಾರ ಚೇರ್ಮನ್ ಬರ್ತಾರೆ, ಲೈನ್ ಬೀಳಬಾರದು ಅಂದ್ರೆ ಬೀಳಬಾರದು,” ಎಂದು ಅಮರನಾಥ್ ಫೋನಿನಲ್ಲೇ ಕಿರುಚಿದ. ಆಗ ಗುತ್ತಿಗೆ ಕಂಪನಿಯ ಇಂಜಿನಿಯರ್ ಮಾನಸ, ಮಾಲೂರಿನ ಹುಡುಗಿ, ಪ್ರತಿ ಶಾಖೆಗೂ ಒಂದೊಂದು ಪೆಟ್ಟಿಗೆ ತಂದಳು. ಪೆಟ್ಟಿಗೆಯಲ್ಲೊಂದು ಆಯ್ಕೆ. ಅದನ್ನು ಚಾಲೂ ಮಾಡಿದರೆ ಪಕ್ಕದಲ್ಲಿರುವ ಪೆಟ್ಟಿಗೆಯೇ ದೂರದವರ ಪರವಾಗಿ ಉತ್ತರ ಕೊಟ್ಟುಬಿಡುತ್ತದೆ. ಸ್ಕೂಲಿನಲ್ಲಿ ಚಕ್ಕರ್ ಹೊಡೆದವನ ಹಾಜರಿಯನ್ನು ಪಕ್ಕದವನು ಕೂಗಿದ ಹಾಗೆ. ಶಾಖೆಯಿಂದ ಸೂಚನೆ ಹೊರಟರೆ ಅದು ಬೆಂಗಳೂರಿಗೆ ಹೋಗಿ ಮುಟ್ಟುವ ಮೊದಲೇ ಪೆಟ್ಟಿಗೆ “ಸೇರಿತು” ಎನ್ನುತ್ತದೆ, ಶಾಖೆಯ ಹಳೇ ಯಂತ್ರ ಅದನ್ನು ನಂಬಿ ತನ್ನಲ್ಲಿದ್ದ ಪ್ರತಿಯನ್ನು ಅಳಿಸಿಬಿಡುತ್ತದೆ. ಮಾನಸ ಕೀಲಿಮಣೆಯನ್ನು ಅವನ ಕಡೆ ತಳ್ಳಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ್ದಳು. “ಸಾರ್, ಇದು ಆನ್ ಆದ್ರೆ ಲೈನ್ ಬೀಳಲ್ಲ. ಆದ್ರೆ ಮಧ್ಯದಲ್ಲಿ ನೆಟ್‌ವರ್ಕ್ ಕಟ್ಟಾದ್ರೆ ಪೆಟ್ಟಿಗೆ ಒಳಗಿರೋದು ಹೋಗ್ಬಿಡತ್ತೆ, ಬ್ರಾಂಚಿಗೆ ಗೊತ್ತಾಗಲ್ಲ. ನೀವು ಬೇರೆ ಏನಾದ್ರೂ ಚೆಕ್ ಇಟ್ಕೊಳ್ಳಿ.” ಮಗಳ ವಯಸ್ಸಿನವಳು ತನಗೆ ಲೈನಿನ ಪಾಠ ಹೇಳುತ್ತಿದ್ದಾಳೆ ಎಂದು ಅವನಿಗೆ ಮುಖ ಗಂಟಾಯಿತು. “ಗೊತ್ತಮ್ಮ, ಗೊತ್ತು,” ಎಂದು ತಾನೇ ಕೀಲಿ ಒತ್ತಿದ. ಲೈನು ಅದಾದ ಮೇಲೆ ಒಂದು ಸಲವೂ ಬೀಳಲಿಲ್ಲ. ಹೇಗೆ ಬಿದ್ದೀತು? ಸುಳ್ಳು ಹೇಳುವವನ ಬಾಯಿ ಎಂದಾದರೂ ಬಿದ್ದಿದೆಯೇ?

ಪಕ್ಕದಲ್ಲಿ ಕೂತವನು ನಿದ್ದೆಯಲ್ಲಿ ಅವನ ಭುಜಕ್ಕೆ ತಲೆ ವಾಲಿಸಿದ. ಸೊಣ್ಣಪ್ಪ ಭುಜ ಕೊಡವಿದ. ಚೇರ್ಮನ್ ಬಂದ ಆ ಸೋಮವಾರ ಮೀಟಿಂಗು ಐದಕ್ಕೂ ಮುಗಿದಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆಗಳ ಚಿತ್ರ ತೋರಿಸುತ್ತ ಅಮರನಾಥ್ ‘ಜೀರೋ ಡೌನ್‌ಟೈಮ್, ಲೈನ್ ಒಂದ್ಸಲವೂ ಬಿದ್ದಿಲ್ಲ’ ಎನ್ನುತ್ತಿದ್ದಾಗಲೇ ಸೊಣ್ಣಪ್ಪನ ಜೇಬಿನಲ್ಲಿ ಫೋನು ಅರಚಿತು. ಆರಿಸಲು ಹೋಗಿ ಯಾವುದೋ ಗುಂಡಿ ಒತ್ತಿ ಇಡೀ ರೂಮಿಗೆ ಕೇಳುವಂತೆ ಮಾಡಿಬಿಟ್ಟ. “ಸಾರ್, ನಂದು ಹನ್ನೊಂದು, ನಿಮ್ದೆಷ್ಟು? ಬೇಗ ಹೇಳಿ ಸಾರ್, ಬಸ್ ಹೋಗತ್ತೆ.” “ಏನ್ರೀ ಸೊಣ್ಣಪ್ಪ, ಇಷ್ಟೆಲ್ಲ ಮಾಡಿದ್ಮೇಲೂ ಇನ್ನೂ ಗಿಣಿಶಾಸ್ತ್ರ ಕೇಳ್ತಿದ್ದೀರಾ?” ಎಂದ ಅಮರನಾಥ್. ಚೇರ್ಮನ್ ನಕ್ಕರು, ಚೇರ್ಮನ್ ನಕ್ಕಿದ್ದಕ್ಕೆ ಉಳಿದವರೆಲ್ಲ ನಕ್ಕರು. ಎಲ್ಲರ ಜೊತೆ ಸೊಣ್ಣಪ್ಪನೂ ನಕ್ಕ. ಅದೇ ಅವನಿಗೆ ಇವತ್ತಿಗೂ ಸಹಿಸಲಾಗದ ಸಂಗತಿ: ತಾನೂ ನಕ್ಕದ್ದು. ಹೊರಗೆ ಬಂದವನೇ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ವಾಣಿಶ್ರೀಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದ. “ಇನ್ಮೇಲೆ ಫೋನ್ ಗೀನ್ ಮಾಡಿದ್ರೆ ನೋಡು. ಸೇರ್ತು ಅಂತ ಪೆಟ್ಟಿಗೇನೇ ಹೇಳತ್ತಲ್ಲ, ಕಣ್ಣು ಕಾಣಲ್ವಾ? ನನ್ನ ಮರ್ಯಾದೆ ಯಾಕೆ ಕಳೀತೀಯ?” ಅವಳು “ಸರಿ ಸಾರ್” ಎಂದಿದ್ದಳು. ಅಷ್ಟೇ.

ಮೇ ತಿಂಗಳಲ್ಲಿ ಮಂಡಿ ರಸ್ತೆ ಅಗೆಯಲು ಬಂದ ಜೆಸಿಬಿ ಕೇಬಲ್ಲಿಗೆ ಕೈ ಹಾಕಿತು. ಮೂರು ದಿನ ನೆಟ್‌ವರ್ಕು ಬಂದು ಹೋಗಿ ಮಾಡಿತು. ಪೆಟ್ಟಿಗೆ ಮಾತ್ರ ಸೇರಿತು, ಸೇರಿತು ಎನ್ನುತ್ತಲೇ ಇತ್ತು. ಮೊದಲ ದಿನ ಸಂಜೆಯೇ ವಾಣಿಶ್ರೀಯ ಫೋನ್ ಬಂದಿದ್ದರೆ ಅವಳ ಒಂಬತ್ತಕ್ಕೆ ತನ್ನ ಸೊನ್ನೆ ಕೂಡುತ್ತಿರಲಿಲ್ಲ. ಮೂರು ದಿನದ ಇಪ್ಪತ್ತಮೂರು ಹಸುಗಳು ಯಾವ ಪಟ್ಟಿಯಲ್ಲೂ ಸಾಯದೆ ಉಳಿದವು. ಗಲಾಟೆ ಎದ್ದಾಗ ವಾಣಿಶ್ರೀ ಅವನಿಗೇ ಮೊದಲು ಫೋನ್ ಮಾಡಿದ್ದಳು. “ಸಾರ್, ನಾನು ಹಾಕಿದೀನಿ ಸಾರ್, ಒಂದೊಂದಕ್ಕೂ ಟಿಕ್ ಬಂತು, ನಿಮ್ಗೆ ಗೊತ್ತಿರತ್ತಲ್ಲ ಸಾರ್?” “ನೋಡ್ತೀನಮ್ಮ,” ಎಂದ. ನೋಡುವುದೇನಿತ್ತು? ಮಾತು ಮುಗಿಯುವ ಮೊದಲೇ ಅವನಿಗೆ ಎಲ್ಲ ಹೊಳೆದಿತ್ತು. ಆಮೇಲೆ ಅವಳ ಹೆಸರು ಫೋನಿನ ಮೇಲೆ ಬಂದರೆ ಅದನ್ನು ಅಂಗಾತ ಮಲಗಿದ್ದಲ್ಲಿಂದ ಬೋರಲು ಹಾಕುತ್ತಿದ್ದ. ಐದು ವಾರ. ಬೆಂಗಳೂರಿನ ದಾಖಲೆಯಲ್ಲಿ ಏನೂ ಬಂದಿಲ್ಲ, ಪೆಟ್ಟಿಗೆಯ ದಾಖಲೆಯಲ್ಲಿ ಯಾವ ದೋಷವೂ ಇಲ್ಲ, ಆದ್ದರಿಂದ ಹುಡುಗಿ ಟೈಪ್ ಮಾಡಿಲ್ಲ, ಮೊಬೈಲ್ ನೋಡುತ್ತ ಕೂತಿದ್ದಳು: ಅಮರನಾಥನ ತರ್ಕ ಇಷ್ಟು ಸಲೀಸು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬೆಳಗ್ಗೆ ಮುದ್ದೆ ಬಡಿಸುವಾಗ ಹೆಂಡತಿ ಶಾಮಲಮ್ಮ, “ರಿಟೈರಾಗಕ್ಕೆ ಇನ್ನೊಂಬತ್ತು ತಿಂಗಳು, ಸೈನ್ ಹಾಕಿ ಸುಮ್ನೆ ಬನ್ನಿ, ಊರ ಉಸಾಬರಿ ನಮಗ್ಯಾಕೆ,” ಎಂದಿದ್ದಳು. ಅವಳ ಮೇಲೂ ರೇಗಿದ್ದ, ಏಕೆಂದರೆ ರಾತ್ರಿಯೆಲ್ಲ ತಾನು ತನಗೆ ಹೇಳಿಕೊಂಡದ್ದೂ ಅದೇ ಮಾತು.

ಶ್ರೀನಿವಾಸಪುರದಲ್ಲಿ ಇಳಿದಾಗ ಮಂಡಿಯ ಲಾರಿಗಳಿಂದ ರಸ್ತೆ ಕಟ್ಟಿಹೋಗಿತ್ತು. ಕೊಳೆತ ಮಾವಿನ ಹುಳಿ ವಾಸನೆಯಲ್ಲಿ ನಡೆದುಕೊಂಡೇ ಹೋದ. ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಫೈಲು ನೋಡಿ ಎದ್ದು ಅಡ್ಡ ನಿಂತಳು.

“ಏಮಪ್ಪಾ, ಕೋಲಾರ್ ನುಂಚಿ ವಚ್ಚಿನೋಡು ನುವ್ವೇನಾ?”

“ಹೌದಮ್ಮ, ಕೋಲಾರದಿಂದ್ಲೇ ಬಂದಿದ್ದು. ನೀವ್ಯಾರು?”

“ರಾಯಲ್ಪಾಡು ಮುನಿಯಲ್ಲಮ್ಮ ನಾನು. ನನ್ನ ಸೀಮೆ ಹಸ ಸತ್ತ ದಿನಾನೇ ಬಿಲ್ಲೆ ತಂದ್ಕೊಟ್ಟೆ ಸಾಮಿ. ಸೇರ್ತಾ ಅಂದೆ, ಸೇರ್ತು ಅಂದ್ಳು ಆ ಹುಡ್ಗಿ. ಸುಳ್ಳು ಬೊಗಳೋಳಿಗೆ ಕೆಲ್ಸ ಯಾಕೆ ಕೊಟ್ರಿ? ಇವತ್ತು ಅವಳ್ನ ಕೆಲ್ಸದಿಂದ ಎಬ್ಬಿಸ್ತೀರಂತಲ್ಲ, ನೋಡ್ಕೊಂಡು ಹೋಗಾನ ಅಂತ್ಲೇ ಬಂದೆ.”

ಒಳಗೆ ಅಮರನಾಥ್ ಫ್ಯಾನಿನ ಕೆಳಗೆ ಕೂತು ಕತ್ತರಿಸಿದ ಮಲಗೋಬ ಮಾವು ತಿನ್ನುತ್ತಿದ್ದ. ವಾಣಿಶ್ರೀ ಗೋಡೆಗೆ ಒರಗದೆ ನಿಂತಿದ್ದಳು. ಐದು ವಾರದಲ್ಲಿ ಅವಳ ಕೆನ್ನೆ ಒಳಕ್ಕೆ ಹೋಗಿತ್ತು. ಸೊಣ್ಣಪ್ಪನನ್ನು ಕಂಡು ಅಭ್ಯಾಸಬಲದಿಂದ “ನಮಸ್ತೆ ಸಾರ್” ಎಂದಳು. ಅದನ್ನು ಅವನು ನಿರೀಕ್ಷಿಸಿರಲಿಲ್ಲ.

“ಕೇಳಿದ್ರೆ ಮೆಷೀನೇ ಸರಿ ಇಲ್ಲ ಅಂತಾಳೆ,” ಎಂದ ಅಮರನಾಥ್ ಕೈ ಒರೆಸಿಕೊಳ್ಳುತ್ತ. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಬನ್ನಿ ಸೊಣ್ಣಪ್ಪ, ಸೈನ್ ಹಾಕಿ. ಹಣ್ಣು ತಗೊಳ್ಳಿ.”

ಪೆನ್ನು ಹಿಡಿದ ಸೊಣ್ಣಪ್ಪನಿಗೆ ಕಂಡದ್ದು ತಟ್ಟೆಯಲ್ಲಿ ಉಳಿದಿದ್ದ ಓಟೆ, ಅದರ ಮೇಲಿನ ನೊಣ. ಮೂವತ್ತೊಂದು ವರ್ಷ ಇವನ ಮುಂದೆ, ಇವನ ಹಿಂದಿನವರ ಮುಂದೆ ನಿಂತದ್ದು, ಇವರೆಲ್ಲ ನಕ್ಕಾಗ ನಕ್ಕದ್ದು, ಕ್ರೇಟುಗಳಿಗೆ ಸೀಟು ಬಿಟ್ಟುಕೊಟ್ಟು ಗಾಜು ಜಗ್ಗದ ಬಸ್ಸಿನಲ್ಲಿ ಬಂದದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂತು. “ಹಾಕಲ್ಲ,” ಎಂದ. ದನಿ ತನ್ನದಲ್ಲವೆಂಬಷ್ಟು ಜೋರಾಗಿತ್ತು. “ಆಕೆ ಎಲ್ಲಾನೂ ಟೈಪ್ ಮಾಡಿದಾಳೆ. ಸುಳ್ಳು ಹೇಳಿದ್ದು ಪೆಟ್ಟಿಗೆ. ಅದಕ್ಕೆ ಸುಳ್ಳು ಹೇಳೋದು ಕಲಿಸಿದ್ದು ನಾನು. ಹೇಗಾದ್ರೂ ಮಾಡು ಅಂತ ಫೋನಲ್ಲಿ ಕಿರುಚಿದ್ದು ನೀವು. ಯಾರ್ನ ಎಬ್ಬಿಸ್ತೀರಿ ಈಗ? ಹೇಳ್ರೀ, ಯಾರ್ನ ಎಬ್ಬಿಸ್ತೀರಿ?”

ಅಮರನಾಥ್ ಬಾಗಿಲ ಕಡೆ ನೋಡಿದ. ಮುನಿಯಲ್ಲಮ್ಮ ಹೊಸ್ತಿಲ ಮೇಲಿದ್ದಳು. ಅವನು ದನಿ ತಗ್ಗಿಸಿದ. “ಏನ್ರೀ ಇದು, ಒಂಬತ್ತು ತಿಂಗಳು ಇಟ್ಕೊಂಡು ಮೈಮೇಲೆ ಎಳ್ಕೊಳ್ತೀರಾ? ನಾನು ಫೋನಲ್ಲಿ ಏನಂದೆ ಅನ್ನೋದಕ್ಕೆ ಸಾಕ್ಷಿ ಇದ್ಯಾ? ನಿಮ್ಮಿಷ್ಟ. ಬರೆದು ಕೊಡಿ, ನೋಡೋಣ. ಮಂಡಿಗೆ ಹೋಗಿ ಬರ್ತೀನಿ, ಅಷ್ಟರಲ್ಲಿ ಯಾವ ಕಾಗದ ಇರ್ಬೇಕು ಅಂತ ಯೋಚ್ನೆ ಮಾಡಿ.” ಕಾರಿನ ಬಾಗಿಲು ಬಡಿದ ಸದ್ದಾಯಿತು.

ಎಷ್ಟೋ ವರ್ಷದ ಮೇಲೆ ಸೊಣ್ಣಪ್ಪನ ಎದೆ ಹಗುರಾಗಿತ್ತು. ಹೊಸ್ತಿಲಿನ ಮುದುಕಿಗೆ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡಳು. ನೇರ ಒಳಗೆ ಬಂದು ವಾಣಿಶ್ರೀಯ ಗಲ್ಲ ಹಿಡಿದು, “ಅಯ್ಯೋ ತಲ್ಲೀ, ಊರೆಲ್ಲ ಸೇರ್ಸಿ ನಿನ್ನ ಬಾಯಿಗೆ ಬಂದಂಗೆ ಅಂದ್ಬಿಟ್ನಲ್ಲೇ,” ಎಂದು ಅತ್ತಳು. ಇಬ್ಬರಲ್ಲಿ ಒಬ್ಬರಾದರೂ ತನ್ನ ಕಡೆ ತಿರುಗಬಹುದೆಂದು ಸೊಣ್ಣಪ್ಪ ಕಾದ. ಬೈದರೂ ಆಗುತ್ತಿತ್ತು. ಕೊನೆಗೆ ತಾನೇ, “ಹೆದರ್ಬೇಡ ವಾಣಿಶ್ರೀ, ನಾನಿದ್ದೀನಲ್ಲ,” ಎಂದ.

“ಐದು ವಾರ ಸಾರ್,” ಎಂದಳು ಅವಳು. ಅಳುತ್ತಿರಲಿಲ್ಲ. “ನಾನು ಟೈಪ್ ಮಾಡಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬಂದ್ಬಿಟ್ಟಿತ್ತು. ಮಲಗಿದ್ರೆ ಬಿಲ್ಲೆ ನಂಬರು. ತಲೆ ಕೆಟ್ಟಿದೆ ಅಂತ ನಮ್ಮನೇವ್ರು ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ನಾನಿದ್ದೀನಿ ಅಂತೀರಾ? ಎಲ್ಲಿದ್ರಿ? ನಲವತ್ತು ಸಲ ಫೋನ್ ಮಾಡಿದೀನಿ.”

ಅವನಿಗೆ ಥಟ್ಟನೆ ಸಿಟ್ಟು ಬಂತು. ನಿನಗೋಸ್ಕರ ಈಗ ಏನೆಲ್ಲ ಮಾಡಿದೆ, ಕಣ್ಣಿಗೆ ಕಾಣಲಿಲ್ಲವೇ? ಪಿಂಚಣಿಯನ್ನು ಬೀದಿಗಿಟ್ಟು ಮಾತಾಡಿದೆನಲ್ಲ. ಮೇಜಿನ ಮುಂದೆ ಕೂತು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಸಿಟ್ಟು ಹದಕ್ಕೆ ಬಂತು. ಪೆಟ್ಟಿಗೆಯ ಗುಣ, ಕೀಲಿ ಒತ್ತಿದವನು ತಾನು, ಮಾನಸ ಕೊಟ್ಟ ಎಚ್ಚರಿಕೆ, ಅಮರನಾಥನ ಫೋನು, ಅವನ ಮಾತು ಅಕ್ಷರಶಃ, ಜೆಸಿಬಿ, ಅಳಿಸಿಹೋದ ಇಪ್ಪತ್ತಮೂರು. ಒಂದು ಕಡೆಯೂ ಚಿತ್ತಿಲ್ಲದೆ ಎರಡು ಪುಟ. ಇಷ್ಟು ಚೆನ್ನಾಗಿ ತಾನು ಬರೆಯಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಕೊನೆಯಲ್ಲಿ ಸಹಿ ಹಾಕಿ, ಅವಳ ಕಡೆ ಹಾಳೆ ಚಾಚಿದ.

ವಾಣಿಶ್ರೀ ನಿಂತೇ ಓದಿದಳು. ಒಂದನೆಯ ಪುಟ ಓದಿ ಎರಡನೆಯದಕ್ಕೆ ಹೋದಳು, ಮತ್ತೆ ಒಂದನೆಯದಕ್ಕೆ ಬಂದಳು. ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಫೋನಿಂದು ಬರೆದಿಲ್ಲ,” ಎಂದಳು ವಾಣಿಶ್ರೀ.

“ಬರೆದಿದೀನಲ್ಲ ನೋಡು, ಹೇಗಾದ್ರೂ ಮಾಡು ಅಂತ ಆ ಅಮರನಾಥ್...”

“ಅವ್ರದಲ್ಲ ಸಾರ್. ನೀವು ನಂಗೆ ಮಾಡಿದ್ದು. ಮೂರನೇದು ಇನ್ನೂ ನನ್ನ ತಲೆ ಮೇಲೇ ಇದೆ. ತಾಳೆ ನೋಡೋದು ನಾನಾಗೇ ಬಿಟ್ಟೆ ಅಂತ. ಅದೊಂದು ಸಾಕು ಅವ್ರಿಗೆ, ನನ್ನ ತೆಗೀಲಿಕ್ಕೆ.”

ಅವನು ಮರೆತಿರಲಿಲ್ಲ. ಮೇಲಿನವನ ತಪ್ಪನ್ನೂ ಯಂತ್ರದ ಸುಳ್ಳನ್ನೂ ಎರಡು ಪುಟ ಬರೆಯುವಾಗ ಆ ಒಂದು ಸಾಲನ್ನು ಪೆನ್ನು ಬಳಸಿಕೊಂಡು ಹೋದದ್ದು ಅವನಿಗೆ ಗೊತ್ತಿತ್ತು. ಕೀಲಿ ಒತ್ತಿದ್ದಕ್ಕೆ ಮೇಲಿನವರ ಒತ್ತಡವಿತ್ತು. ಇದಕ್ಕೆ ಯಾರ ಒತ್ತಡವಿತ್ತು? ನಾಲ್ಕು ಜನ ನಕ್ಕರು, ಅಷ್ಟೇ. ನಕ್ಕವರಿಗೆ ಒಂದು ಮಾತು ಅನ್ನಲಾರದೆ, ಬಸ್ಸು ಹಿಡಿಯುವ ಆತುರದಲ್ಲೂ ಕೆಲಸ ಬಿಡದ ಈ ಹುಡುಗಿಯ ಮೇಲೆ ಅದನ್ನು ಕಾರಿಕೊಂಡಿದ್ದ. ಅದನ್ನು ಹೇಗೆ ಬರೆಯುವುದು? ಓದಿದವರು ನಗುತ್ತಾರೆ. ಅಮರನಾಥ್ ಓದುತ್ತಾನೆ, ಚೇರ್ಮನ್ ಓದುತ್ತಾರೆ, ಮತ್ತೆ ನಗುತ್ತಾರೆ. ಬೆವರು ಕನ್ನಡಕದೊಳಕ್ಕೆ ಇಳಿಯಿತು. ಅವಳು ಹಾಳೆಗಳನ್ನು ಅವನ ಮುಂದೆ ಇಟ್ಟು ಕಾದಳು, ಕೌಂಟರಿನಲ್ಲಿ ರೈತರು ಅರ್ಜಿ ತುಂಬುವವರೆಗೆ ಕಾಯುವ ಹಾಗೆ.

ಸಹಿಯ ಕೆಳಗೆ ಬರೆದ. ದಿನಾ ಸಂಜೆ ಫೋನ್ ಮಾಡಿ ತಾಳೆ ನೋಡುತ್ತಿದ್ದ ವಾಣಿಶ್ರೀಯನ್ನು ಬೈದು ನಿಲ್ಲಿಸಿದವನು ನಾನು. ಮೀಟಿಂಗಿನಲ್ಲಿ ನನಗೆ ಅವಮಾನವಾಯಿತೆಂದು ಹಾಗೆ ಮಾಡಿದೆ. ಆಕೆಯ ತಪ್ಪಿಲ್ಲ.

ಅವಳು ಬಗ್ಗಿ ಓದಿದಳು.

“ತಾರೀಖು ಹಾಕಿ ಸಾರ್. ಇವತ್ತಿಂದಲ್ಲ, ನಂಗೆ ಬೈದ ದಿನದ್ದು.”

ಮಾರ್ಚ್ ಹದಿನೇಳು ಎಂದು ಬರೆಯಲು ಅವನು ಒಂದು ಗಳಿಗೆಯೂ ಯೋಚಿಸಬೇಕಾಗಲಿಲ್ಲ.